ಬೈಯಪ್ಪನಹಳ್ಳಿ: ಹನ್ನೆರಡು ವರ್ಷ 'ಕೊನೆಯ ಸ್ಟಾಪ್' ಆಗಿದ್ದ ಮೆಟ್ರೋ ನಿಲ್ದಾಣದ ಪೂರ್ತಿ ಕತೆ

ಬೆಂಗಳೂರಲ್ಲಿ ಆಟೋ ಹತ್ತಿ 'ಬೈಪ್ನಳ್ಳಿ' ಅಂದರೆ ಡ್ರೈವರ್ ತಿರುಗಿ ಕೇಳೋ ಪ್ರಶ್ನೆ ಒಂದೇ: "ಯಾವ ಬೈಪ್ನಳ್ಳಿ? ಮೆಟ್ರೋನಾ, ರೈಲ್ವೆ ಸ್ಟೇಷನ್ನಾ, ಟರ್ಮಿನಲ್ಲಾ?"

ನಾನು ಈ ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ನಾಗವಾರಪಾಳ್ಯದ ಒಂದು ಬಾಡಿಗೆ ಮನೆಯಲ್ಲಿ ಇರೋದು. 2012ರಲ್ಲಿ ಪಿಯುಸಿ ಮುಗಿಸಿ ಹಾಸನದಿಂದ ಬಂದಾಗ ಬೆಂಗಳೂರಿನ ಮೆಟ್ರೋ ಅಂದರೆ ಇಷ್ಟೇ: ಎಂ.ಜಿ. ರಸ್ತೆಯಲ್ಲಿ ಹತ್ತಿದರೆ ಬೈಯಪ್ಪನಹಳ್ಳಿಯಲ್ಲಿ ಇಳಿಯಬೇಕು. ಅದರಾಚೆ ಹಳಿ ಇರಲಿಲ್ಲ. ಇವತ್ತು ಅದೇ ನಿಲ್ದಾಣ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ 43.49 ಕಿ.ಮೀ. ಮಾರ್ಗದ ನಡುವಿನ ಒಂದು ನಿಲ್ದಾಣ. ಅರ್ಧ ನಿಮಿಷ ಬಾಗಿಲು ತೆರೆದು ಮುಚ್ಚಿದರೆ ಮುಗೀತು, ರೈಲು ಮುಂದೆ ಹೋಗುತ್ತೆ.

ಆದರೆ ಈ ಒಂದು ನಿಲ್ದಾಣವನ್ನು ಸರಿಯಾಗಿ ಓದಿದರೆ ಬೆಂಗಳೂರಿನ ಸಾರಿಗೆ ರಾಜಕಾರಣದ ಬಹುಪಾಲು ಸಂಗತಿಗಳು ಒಂದೇ ಕಡೆ ಸಿಗುತ್ತವೆ. ಜಾಗ ಯಾರದಾಗಿತ್ತು, ದುಡ್ಡು ಯಾರದು, ಬೋರ್ಡಿನ ಭಾಷೆ ಯಾವುದು, ಟಿಕೆಟ್ ದರ ಯಾರು ನಿರ್ಧರಿಸ್ತಾರೆ, ಯಾರು ಹತ್ತುತ್ತಾರೆ, ಯಾರು ಹತ್ತಲ್ಲ. ಒಂದೊಂದಾಗಿ ನೋಡೋಣ.

ಹೆಸರು ಒಂದು, ಜಾಗ ಮೂರು

ಮೊದಲು ಗೊಂದಲ ಪರಿಹಾರ. ಬೈಯಪ್ಪನಹಳ್ಳಿ ಅನ್ನೋ ಹೆಸರಲ್ಲಿ ಜನ ಮೂರು ಬೇರೆ ಬೇರೆ ಜಾಗಗಳನ್ನು ಕರೀತಾರೆ.

ಒಂದು, ಹಳೆಯ ರೈಲ್ವೆ ನಿಲ್ದಾಣ. ಬೆಂಗಳೂರು ದಂಡು ಪ್ರದೇಶದಿಂದ ಜೋಲಾರಪೇಟೆಗೆ ಹೋಗುವ ಹಳಿಯ ಮೇಲಿರುವ ಸಣ್ಣ ಸ್ಟೇಷನ್. ಈ ಹಳಿ ಶುರುವಾಗಿದ್ದು 1864ರಲ್ಲಿ, ಮದ್ರಾಸ್ ರೈಲ್ವೆಯ ಕಾಲದಲ್ಲಿ. ಬೆಂಗಳೂರಿಗೆ ಬಂದ ಮೊದಲ ರೈಲು ಮಾರ್ಗವೇ ಇದು.

ಎರಡು, ನಾನು ಹೇಳ್ತಿರೋ ಮೆಟ್ರೋ ನಿಲ್ದಾಣ. ಹಳೆಯ ರೈಲ್ವೆ ಸ್ಟೇಷನ್ನಿನ ಪಕ್ಕದಲ್ಲೇ ಇದೆ. ಎರಡರ ನಡುವೆ ಪಾದಚಾರಿ ಮೇಲ್ಸೇತುವೆ ಇದೆ.

ಮೂರು, ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. 2022ರ ಜೂನ್‌ನಲ್ಲಿ ಶುರುವಾದ, ಪೂರ್ತಿ ಹವಾನಿಯಂತ್ರಿತ, ಏಳು ಪ್ಲಾಟ್‌ಫಾರ್ಮಿನ ದೊಡ್ಡ ರೈಲು ನಿಲ್ದಾಣ. ಕಟ್ಟುವಾಗ ಇದನ್ನು 'ಬೈಯಪ್ಪನಹಳ್ಳಿ ಟರ್ಮಿನಲ್' ಅಂತಲೇ ಕರೀತಿದ್ದರು. ಹೌರಾ, ಅಗರ್ತಲಾ ಕಡೆಯ ರೈಲುಗಳು ಬಂದು ನಿಲ್ಲೋದು ಇಲ್ಲಿ. ಹೆಸರು ಕೇಳಿ ಮೆಟ್ರೋ ನಿಲ್ದಾಣದಲ್ಲಿ ಇಳಿದು "ಟರ್ಮಿನಲ್ ಎಲ್ಲಿ?" ಅಂತ ಹುಡುಕೋರನ್ನ ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೀನಿ. ಅದು ಹಳಿಯ ಆಚೆ ದಿಕ್ಕಿನಲ್ಲಿದೆ, ಲಗೇಜ್ ಹೊತ್ತುಕೊಂಡು ನಡೆಯುವ ದೂರವಲ್ಲ. ಬಸ್ಸೋ ಆಟೋನೋ ಹಿಡೀಬೇಕು. ಊರಿಂದ ಬರೋ ನೆಂಟರಿಗೆ ಇದನ್ನ ಮೊದಲೇ ಹೇಳಿಬಿಡಿ.

ಮೆಟ್ರೋಗೆ ಮೊದಲು ಇಲ್ಲೇನಿತ್ತು?

ಉತ್ತರ ನಾಲ್ಕು ಅಕ್ಷರದಲ್ಲಿದೆ: ಎನ್‌ಜಿಇಎಫ್. ನ್ಯೂ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ. ಮೈಸೂರು ರಾಜ್ಯದ ಕಾಲದಲ್ಲಿ, ಜರ್ಮನಿಯ ಎಇಜಿ ಕಂಪನಿಯ ತಾಂತ್ರಿಕ ಸಹಕಾರದಲ್ಲಿ ಹುಟ್ಟಿದ ಸರ್ಕಾರಿ ಕಾರ್ಖಾನೆ. ಟ್ರಾನ್ಸ್‌ಫಾರ್ಮರ್, ಮೋಟಾರ್, ಸ್ವಿಚ್‌ಗೇರ್ ಇಲ್ಲಿ ತಯಾರಾಗುತ್ತಿದ್ದವು.

'ನ್ಯೂ' ಅಂದರೆ 'ಓಲ್ಡ್' ಒಂದು ಇರಬೇಕಲ್ಲ? ಇತ್ತು. 1930ರ ದಶಕದ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ, ಮೈಸೂರು ರಸ್ತೆಯಲ್ಲಿ. ಅದೇ ಇವತ್ತಿನ ಕವಿಕ, ಅಂದರೆ ಕರ್ನಾಟಕ ವಿದ್ಯುತ್ ಕಾರ್ಖಾನೆ. ಇಲ್ಲೊಂದು ತಮಾಷೆ ನೋಡಿ: 2016ರಲ್ಲಿ ಪೂರ್ತಿಯಾದ ನೇರಳೆ ಮಾರ್ಗದ ಮೊದಲ ರೂಪ ಬೈಯಪ್ಪನಹಳ್ಳಿಯಿಂದ ಮೈಸೂರು ರಸ್ತೆಯವರೆಗೆ. ಅಂದರೆ ಹೊಸ ವಿದ್ಯುತ್ ಕಾರ್ಖಾನೆಯ ಜಾಗದಿಂದ ಹಳೆ ವಿದ್ಯುತ್ ಕಾರ್ಖಾನೆಯ ಆಸುಪಾಸಿನವರೆಗೆ. ಯಾರೂ ಹಾಗಂತ ಯೋಜನೆ ಮಾಡಿರಲಿಕ್ಕಿಲ್ಲ. ಆದರೆ ಸರ್ಕಾರಿ ಕೈಗಾರಿಕೆಗಳು ಕಟ್ಟಿದ ಬೆಂಗಳೂರಿನ ಎರಡು ಅಂಚುಗಳನ್ನು ಮೆಟ್ರೋ ಜೋಡಿಸಿತು ಅನ್ನೋದು ನಿಜ.

ಬೆಂಗಳೂರಿನ ಪೂರ್ವ ಭಾಗವೇ ಹಾಗೆ. ಎಚ್‌ಎಎಲ್, ದೂರವಾಣಿನಗರದ ಐಟಿಐ, ತಿಪ್ಪಸಂದ್ರದ ಬಿಇಎಂಎಲ್, ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಈ ಭಾಗದ ಬಡಾವಣೆಗಳು ಬೆಳೆದದ್ದೇ ಕಾರ್ಖಾನೆಗಳ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡು. 'ಟಿನ್ ಫ್ಯಾಕ್ಟರಿ' ಅನ್ನೋದು ಇವತ್ತಿಗೂ ಬಸ್ ಸ್ಟಾಪಿನ ಹೆಸರು. ಎನ್‌ಜಿಇಎಫ್ ಲೇಔಟ್ ಅನ್ನೋದು ಇವತ್ತಿಗೂ ವಿಳಾಸ. ಕಾರ್ಖಾನೆ ಮಾತ್ರ ಇಲ್ಲ. ಉದಾರೀಕರಣದ ನಂತರ ನಷ್ಟಕ್ಕೆ ಬಿದ್ದು, 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಮೆಟ್ರೋಗೆ ಡಿಪೋ ಕಟ್ಟಲು ದೊಡ್ಡ ಜಾಗ ಬೇಕಾದಾಗ ಆ ಜಮೀನಿನ ಒಂದು ಭಾಗ ಅದಕ್ಕೆ ಹೋಯಿತು.

ನಮ್ಮ ಬೀದಿಯಲ್ಲಿ ಎನ್‌ಜಿಇಎಫ್‌ನಲ್ಲಿ ದುಡಿದ ಹಿರಿಯರೊಬ್ಬರು ಇದ್ದರು. ಮೊದಲ ಸಲ ಅವರ ಜೊತೆ ಮೆಟ್ರೋ ಹತ್ತಿದಾಗ, ರೈಲು ಡಿಪೋ ಪಕ್ಕ ಹಾದು ಹೋಗ್ತಿದ್ದಂತೆ ಕಿಟಕಿಗೆ ಬೆರಳಿಟ್ಟು "ನಮ್ಮ ಕ್ಯಾಂಟೀನು ಆ ಕಡೆ ಇತ್ತು ಕಣಪ್ಪ" ಅಂದರು. ಅಷ್ಟೇ. ಬೇರೇನೂ ಹೇಳಲಿಲ್ಲ. ಆ ಜಾಗ ಖಾಸಗಿಯವರ ಅಪಾರ್ಟ್‌ಮೆಂಟ್ ಆಗದೆ ಸಾರ್ವಜನಿಕ ಸಾರಿಗೆಗೆ ಬಂತಲ್ಲ ಅಂತ ನನಗೆ ಸಮಾಧಾನ ಇತ್ತು. ಅವರಿಗೆ ಹಾಗೆ ಅನ್ನಿಸಿತ್ತಾ ಅಂತ ಕೇಳೋಕೆ ನನಗೆ ಧೈರ್ಯ ಬರಲಿಲ್ಲ.

2011, ಅಕ್ಟೋಬರ್ 20

ಈಗ ಮೆಟ್ರೋ ಇತಿಹಾಸ, ಚುಟುಕಾಗಿ.

ಬೆಂಗಳೂರಿಗೆ ನಗರ ರೈಲು ಬೇಕು ಅನ್ನೋ ಮಾತು 1990ರ ದಶಕದಲ್ಲೇ ಇತ್ತು. ವಿಸ್ತೃತ ಯೋಜನಾ ವರದಿ ತಯಾರಿಸಿದ್ದು ದೆಹಲಿ ಮೆಟ್ರೋ ನಿಗಮ. 2006ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಜೂನ್ 24ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದರು. ಬಿಎಂಆರ್‌ಸಿಎಲ್ ಅನ್ನೋದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅರ್ಧ-ಅರ್ಧ ಪಾಲಿನ ಕಂಪನಿ. ಈ 'ಅರ್ಧ-ಅರ್ಧ' ಅನ್ನೋದನ್ನ ನೆನಪಿಡಿ, ಮುಂದೆ ಬೇಕಾಗುತ್ತೆ.

2007ರಲ್ಲಿ ಪೂರ್ವದ ಭಾಗದಲ್ಲಿ ಕೆಲಸ ಶುರುವಾಯಿತು. ಇದಕ್ಕೆ ಕೊಟ್ಟ ಹೆಸರು 'ರೀಚ್-1'. ವಿರೋಧವೂ ಬಂತು. ಇಂದಿರಾನಗರದ ಸಿಎಂಎಚ್ ರಸ್ತೆಯ ವ್ಯಾಪಾರಿಗಳು ಮಾರ್ಗವನ್ನು ಹಳೆ ಮದ್ರಾಸ್ ರಸ್ತೆಗೆ ಬದಲಿಸಿ ಅಂತ ಹೋರಾಡಿದರು. ಎಂ.ಜಿ. ರಸ್ತೆಯ ಬೋಲ್ವಾರ್ಡ್ ಹೋಯಿತು, ಮರ ಕಡಿಯೋದರ ವಿರುದ್ಧ ನಗರದಲ್ಲಿ ಪ್ರತಿಭಟನೆ ನಡೆಯಿತು. ಇವತ್ತಿನ ಸುರಂಗ ರಸ್ತೆ, ಮೇಲ್ಸೇತುವೆ ಚರ್ಚೆಗಳಲ್ಲಿ ಕೇಳೋ ವಾದಗಳ ಮೊದಲ ಕಂತು ಅಲ್ಲೇ ನಡೆದಿತ್ತು.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವಿನ 6.7 ಕಿ.ಮೀ. ಮಾರ್ಗ ಜನರಿಗೆ ತೆರೆಯಿತು. ಆರು ನಿಲ್ದಾಣ: ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ, ಹಲಸೂರು, ಟ್ರಿನಿಟಿ, ಎಂ.ಜಿ. ರಸ್ತೆ. ದಕ್ಷಿಣ ಭಾರತದ ಮೊದಲ ಮೆಟ್ರೋ. ಆಗಿನ ರೈಲಿಗೆ ಮೂರೇ ಬೋಗಿ. ಆ ಬೋಗಿಗಳನ್ನು ಪೂರೈಸಿದ ಕಂಪನಿಗಳ ಒಕ್ಕೂಟದಲ್ಲಿ ಬಿಇಎಂಎಲ್ ಕೂಡ ಇತ್ತು. ಅದರ ರೈಲು ಬೋಗಿ ಕಾರ್ಖಾನೆ ಇರೋದು ಇದೇ ಬೈಯಪ್ಪನಹಳ್ಳಿಯ ನೆರೆಯ ತಿಪ್ಪಸಂದ್ರದಲ್ಲಿ.

ಮೊದಮೊದಲು ಜನ ಮೆಟ್ರೋ 'ನೋಡೋಕೆ' ಬರುತ್ತಿದ್ದರು. ನಾನೂ ಹಾಗೇ ಬಂದವನು. ಊರಿಂದ ಬಂದ ಚಿಕ್ಕಪ್ಪನ ಮಕ್ಕಳನ್ನ ಎಂ.ಜಿ. ರಸ್ತೆಯಲ್ಲಿ ಹತ್ತಿಸಿ, ಬೈಯಪ್ಪನಹಳ್ಳಿಯಲ್ಲಿ ಇಳಿಸಿ, ವಾಪಸ್ ಅದೇ ರೈಲಲ್ಲಿ ಕರ್ಕೊಂಡು ಹೋಗಿದ್ದೆ. ಬೈಯಪ್ಪನಹಳ್ಳಿಯಲ್ಲಿ ಅವರಿಗೆ ತೋರಿಸೋಕೆ ಏನೂ ಇರಲಿಲ್ಲ. ರೈಲೇ ಪ್ರವಾಸಿ ತಾಣ.

ನಿಲ್ದಾಣದ ಒಳಗೆ: ನಕ್ಷೆ ಓದುವುದು ಹೇಗೆ?

ನಮ್ಮ ಮೆಟ್ರೋದ ಹೆಚ್ಚಿನ ನಿಲ್ದಾಣಗಳು ಎರಡು ಬಗೆ. ಒಂದು ಕಂಬದ ಮೇಲಿನವು, ಇನ್ನೊಂದು ನೆಲದಡಿಯವು. ಕಂಬದ ಮೇಲಿನ ನಿಲ್ದಾಣದಲ್ಲಿ ಮೂರು ಮಟ್ಟ ಇರುತ್ತೆ. ಕೆಳಗೆ ರಸ್ತೆ. ನಡುವೆ ಟಿಕೆಟ್ ಕೌಂಟರ್ ಮತ್ತು ಗೇಟ್‌ಗಳಿರುವ ಅಂತಸ್ತು. ಮೇಲೆ ಪ್ಲಾಟ್‌ಫಾರ್ಮ್. ಇಂದಿರಾನಗರ, ಹಲಸೂರು ಎಲ್ಲ ಈ ಮಾದರಿ. ನಾವು ರೈಲಿಗೆ ಹತ್ತಿ ಹೋಗ್ತೀವಿ.

ಬೈಯಪ್ಪನಹಳ್ಳಿ ಇದಕ್ಕೆ ಅಪವಾದ. ಇಲ್ಲಿ ಹಳಿ ನೆಲದ ಮೇಲಿದೆ. ಸ್ವಾಮಿ ವಿವೇಕಾನಂದ ರಸ್ತೆ ಬಿಟ್ಟ ರೈಲು ಕಂಬದಿಂದ ನಿಧಾನವಾಗಿ ಇಳಿದು ನೆಲಕ್ಕೆ ಬರುತ್ತೆ. ಕಿಟಕಿ ಪಕ್ಕ ನಿಂತು ನೋಡಿದರೆ ಮನೆಗಳ ತಾರಸಿ, ಆಮೇಲೆ ಕಿಟಕಿ, ಆಮೇಲೆ ಕಾಂಪೌಂಡ್ ಗೋಡೆ ಒಂದಾದ ಮೇಲೊಂದು ಕಾಣುತ್ತೆ.

ಯಾಕೆ ಹೀಗೆ? ಕಾರಣ ಡಿಪೋ. ರಾತ್ರಿ ರೈಲುಗಳು ತಂಗೋದು, ತೊಳೆಸಿಕೊಳ್ಳೋದು, ತಪಾಸಣೆ, ರಿಪೇರಿ ಎಲ್ಲ ಡಿಪೋದಲ್ಲಿ. ಅಲ್ಲಿ ಹತ್ತಾರು ಹಳಿ ಅಕ್ಕಪಕ್ಕ ಹಾಸಬೇಕು. ಅದನ್ನೆಲ್ಲ ಕಂಬದ ಮೇಲೆ ಕಟ್ಟೋದು ಆಗದ ಮಾತು. ನೆಲದ ಮೇಲಿನ ಡಿಪೋಗೆ ಹೊಂದಿಕೊಂಡ ನಿಲ್ದಾಣವೂ ನೆಲದ ಮೇಲೇ ಇದ್ದರೆ ರೈಲು ಒಳಗೆ ಹೋಗೋದು, ಹೊರಗೆ ಬರೋದು ಸಲೀಸು. ಮೆಟ್ರೋ ಸಂಚಾರವನ್ನು ನಿಯಂತ್ರಿಸುವ ಕಾರ್ಯಾಚರಣೆ ನಿಯಂತ್ರಣ ಕೇಂದ್ರ ಕೂಡ ಬೈಯಪ್ಪನಹಳ್ಳಿಯಲ್ಲೇ ಇದೆ. ಮೆಜೆಸ್ಟಿಕ್ ಈ ಜಾಲದ ಹೃದಯ ಅಂತೀವಿ ಸರಿ, ಆದರೆ ಮಿದುಳು ಇರೋದು ನಮ್ಮ ಕಡೆ!

ಪ್ರಯಾಣಿಕರು ತಿಳಿದಿರಬೇಕಾದ ಇನ್ನು ನಾಲ್ಕು ಸಂಗತಿ:

ಮೊದಲನೆಯದು, ಗೇಟು. ಟೋಕನ್, ಕಾರ್ಡ್ ಅಥವಾ ಕ್ಯೂಆರ್ ಟಿಕೆಟ್ ತೋರಿಸಿ ದಾಟುವ ಗೇಟ್ ನಿಲ್ದಾಣವನ್ನು ಎರಡು ಭಾಗ ಮಾಡುತ್ತೆ. ಈಚೆಗೆ ಯಾರು ಬೇಕಾದರೂ ಇರಬಹುದು. ಆಚೆಗೆ ದುಡ್ಡು ಕೊಟ್ಟವರು ಮಾತ್ರ. ನಿಲ್ದಾಣದ ಇಡೀ ವಿನ್ಯಾಸ ಈ ಒಂದು ಗೆರೆಯ ಸುತ್ತ ಇದೆ.

ಎರಡನೆಯದು, ದಿಕ್ಕು. ಒಂದು ಕಡೆ ವೈಟ್‌ಫೀಲ್ಡ್ (ಕಾಡುಗೋಡಿ) ಕಡೆ ಹೋಗುವ ರೈಲು, ಇನ್ನೊಂದು ಕಡೆ ಚಲ್ಲಘಟ್ಟದ ಕಡೆಗೆ. ಹಿಂದೆ ಇಲ್ಲಿ ಯಾವ ರೈಲು ಹತ್ತಿದರೂ ಪಶ್ಚಿಮಕ್ಕೇ ಹೋಗ್ತಿತ್ತು, ಬೋರ್ಡ್ ನೋಡುವ ಅಗತ್ಯವೇ ಇರಲಿಲ್ಲ. ಹಳಬರು ಈಗಲೂ ಆ ಅಭ್ಯಾಸದಲ್ಲಿ ತಪ್ಪು ರೈಲು ಹತ್ತಿ ಬೆನ್ನಿಗಾನಹಳ್ಳಿಯಲ್ಲಿ ಇಳಿದು ವಾಪಸ್ ಬರೋದುಂಟು. ನಾನೂ ಬಂದಿದ್ದೀನಿ.

ಮೂರನೆಯದು, ಉದ್ದ. ಮೂರು ಬೋಗಿಯ ರೈಲಿನ ಕಾಲದಲ್ಲೇ ಪ್ಲಾಟ್‌ಫಾರ್ಮ್‌ಗಳನ್ನು ಆರು ಬೋಗಿಗೆ ಸಾಕಾಗುವಷ್ಟು ಉದ್ದ ಕಟ್ಟಿದ್ದರು. ಮೊದಲ ಆರು ಬೋಗಿ ರೈಲು ಓಡಿದ್ದು 2018ರ ಜೂನ್‌ನಲ್ಲಿ, ಇದೇ ನೇರಳೆ ಮಾರ್ಗದಲ್ಲಿ. ಮೊದಲ ಬೋಗಿ ಮಹಿಳೆಯರಿಗೆ.

ನಾಲ್ಕನೆಯದು, ಹಳಿ. ನಮ್ಮ ನೇರಳೆ ಮಾರ್ಗದಲ್ಲಿ ತಲೆ ಮೇಲೆ ವಿದ್ಯುತ್ ತಂತಿ ಇಲ್ಲ. ಹಳಿಯ ಪಕ್ಕದಲ್ಲೇ ಓಡುವ ಮೂರನೇ ಹಳಿಯಲ್ಲಿ 750 ವೋಲ್ಟ್ ನೇರ ವಿದ್ಯುತ್ ಇರುತ್ತೆ. ಮೊಬೈಲ್ ಬಿತ್ತು ಅಂತ ಕೆಳಗೆ ಇಳಿಯೋದು ಸಾವಿಗೆ ಸಮ. ಸಿಬ್ಬಂದಿಗೆ ಹೇಳಿ, ಅವರು ತೆಗೆದುಕೊಡ್ತಾರೆ.

ಹಳದಿ ಬೋರ್ಡಿನ ಹಿಂದಿ

ನಮ್ಮ ಮೆಟ್ರೋ ನಿಲ್ದಾಣಗಳ ನಾಮಫಲಕಗಳಲ್ಲಿ ಮೊದಲು ಮೂರು ಭಾಷೆ ಇದ್ದವು: ಕನ್ನಡ, ಹಿಂದಿ, ಇಂಗ್ಲಿಷ್. 2017ರ ಜೂನ್‌ನಲ್ಲಿ ಮೊದಲ ಹಂತ ಪೂರ್ತಿಯಾಗಿ ತೆರೆಯಿತು. ಅದರ ಬೆನ್ನಲ್ಲೇ 'ನಮ್ಮ ಮೆಟ್ರೋ ಹಿಂದಿ ಬೇಡ' ಅಭಿಯಾನ ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿತು. ರಾಜ್ಯದ ಹಾಗೂ ಕೇಂದ್ರದ ಸಮಪಾಲಿನ ಸಂಸ್ಥೆಯಲ್ಲಿ, ಮಲಯಾಳಂ ಇರುವ ಕೊಚ್ಚಿಯಲ್ಲಿ, ತಮಿಳು ಇರುವ ಚೆನ್ನೈಯಲ್ಲಿ ಕೇಳಬಹುದಾದ ಪ್ರಶ್ನೆಯನ್ನೇ ಕನ್ನಡಿಗರೂ ಕೇಳಿದರು: ಮೂರನೇ ಭಾಷೆ ಯಾರಿಗಾಗಿ, ಯಾವ ಕಾನೂನಿನಡಿ? ಕೆಲವು ನಿಲ್ದಾಣಗಳಲ್ಲಿ ಹಿಂದಿ ಅಕ್ಷರಗಳನ್ನು ಮುಚ್ಚಲಾಯಿತು. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದರು. ಕೊನೆಗೆ ಫಲಕಗಳಿಂದ ಹಿಂದಿ ಹೋಯಿತು.

ನನ್ನ ತಲೆಮಾರಿನ ಎಷ್ಟೋ ಜನರಿಗೆ ಇದು ಮೊದಲ ರಾಜಕೀಯ ಗೆಲುವು. ಪಕ್ಷ ಇಲ್ಲ, ದೊಡ್ಡ ನಾಯಕ ಇಲ್ಲ, ಒಂದು ಹ್ಯಾಷ್‌ಟ್ಯಾಗ್ ಮತ್ತು ಒಂದಿಷ್ಟು ಹಟ. ಆದರೆ ಒಂದು ಮಾತು ಸೇರಿಸಬೇಕು. ಟರ್ಮಿನಲ್‌ನಲ್ಲಿ ಇಳಿದು, ಪ್ಲಾಸ್ಟಿಕ್ ಚೀಲ ಹಿಡಿದು ಈ ನಿಲ್ದಾಣಕ್ಕೆ ಬರುವ ಬಿಹಾರದ, ಬಂಗಾಳದ, ಅಸ್ಸಾಮಿನ ಹುಡುಗರ ವಿರುದ್ಧದ ಗೆಲುವಲ್ಲ ಅದು. ಅವರಲ್ಲಿ ಎಷ್ಟೋ ಜನರ ಮನೆಮಾತೂ ಹಿಂದಿ ಅಲ್ಲ. ಪ್ರಶ್ನೆ ಇದ್ದಿದ್ದು ದೆಹಲಿಯ ನೀತಿಗೆ. ಅದನ್ನು ಕೂಲಿ ಹುಡುಗರ ಕಡೆ ತಿರುಗಿಸೋರು ಆ ಹೋರಾಟವನ್ನ ಅರ್ಥ ಮಾಡ್ಕೊಂಡಿಲ್ಲ.

ಎರಡು ಕಿಲೋಮೀಟರಿನ ಕಂದಕ

ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಬೈಯಪ್ಪನಹಳ್ಳಿಯಿಂದ ವೈಟ್‌ಫೀಲ್ಡ್‌ಗೆ ವಿಸ್ತರಣೆ ಅದರ ಭಾಗ. ಐಟಿ ಕಂಪನಿಗಳ ಲಕ್ಷಾಂತರ ಜನ ಅದಕ್ಕೆ ಕಾಯ್ತಿದ್ದರು. ತೆರೆದಿದ್ದು 2023ರಲ್ಲಿ. ಅದೂ ಅರ್ಧಂಬರ್ಧ.

2023ರ ಮಾರ್ಚ್ 25ರಂದು ಪ್ರಧಾನಿ ನರೇಂದ್ರ ಮೋದಿ ಕೆ.ಆರ್. ಪುರ–ವೈಟ್‌ಫೀಲ್ಡ್ ನಡುವಿನ 13.71 ಕಿ.ಮೀ. ಮಾರ್ಗವನ್ನು ಉದ್ಘಾಟಿಸಿದರು. ಹನ್ನೆರಡು ನಿಲ್ದಾಣ. ವಿಧಾನಸಭೆ ಚುನಾವಣೆಗೆ ಒಂದೂವರೆ ತಿಂಗಳು ಇತ್ತು. ಸಮಸ್ಯೆ ಏನಪ್ಪಾ ಅಂದರೆ, ಕೆ.ಆರ್. ಪುರಕ್ಕೂ ಬೈಯಪ್ಪನಹಳ್ಳಿಗೂ ನಡುವಿನ ಸುಮಾರು ಎರಡು ಕಿ.ಮೀ. ಇನ್ನೂ ಮುಗಿದಿರಲಿಲ್ಲ. ಬೆನ್ನಿಗಾನಹಳ್ಳಿಯಲ್ಲಿ ಮೆಟ್ರೋ ಮಾರ್ಗ ರೈಲ್ವೆ ಹಳಿಗಳನ್ನು ದಾಟಬೇಕು. ಕೆಳಗೆ ರೈಲು ಓಡ್ತಾ ಇರುವಾಗಲೇ ಮೇಲೆ ಉಕ್ಕಿನ ದೊಡ್ಡ ಗರ್ಡರ್ ಕೂರಿಸಬೇಕು. ಅದಕ್ಕೆ ರೈಲ್ವೆಯ ಒಪ್ಪಿಗೆ, ಸಂಚಾರ ನಿಲ್ಲಿಸುವ ಸಮಯ, ಸುರಕ್ಷತಾ ತಪಾಸಣೆ ಎಲ್ಲ ಬೇಕು.

ಹಾಗಾಗಿ ಆರು ತಿಂಗಳಿಗೂ ಹೆಚ್ಚು ಕಾಲ ಬೆಂಗಳೂರಲ್ಲಿ ಎರಡು ನೇರಳೆ ಮಾರ್ಗ ಇದ್ದವು. ಬೈಯಪ್ಪನಹಳ್ಳಿಯಲ್ಲಿ ಇಳಿದು, ಬಿಎಂಟಿಸಿ ಫೀಡರ್ ಬಸ್ ಹಿಡಿದು, ಟಿನ್ ಫ್ಯಾಕ್ಟರಿ ಟ್ರಾಫಿಕ್ ದಾಟಿ, ಕೆ.ಆರ್. ಪುರದಲ್ಲಿ ಮತ್ತೆ ಮೆಟ್ರೋ ಹತ್ತಬೇಕು. ನಗರದಲ್ಲೇ ಅತಿ ಹೆಚ್ಚು ದಟ್ಟಣೆ ಇರುವ ಜಂಕ್ಷನ್ನುಗಳಲ್ಲಿ ಒಂದನ್ನು ದಾಟಿಸೋಕೆ ಅಂತಲೇ ಬೇಕಿದ್ದ ಮೆಟ್ರೋ, ಆ ಜಂಕ್ಷನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತೆರೆದಿತ್ತು.

2023ರ ಅಕ್ಟೋಬರ್ 9ರ ಬೆಳಗ್ಗೆ ಯಾವ ಸಮಾರಂಭವೂ ಇಲ್ಲದೆ ಆ ತುಂಡು ಜನರಿಗೆ ತೆರೆಯಿತು, ಕೆಂಗೇರಿ–ಚಲ್ಲಘಟ್ಟ ತುಂಡಿನ ಜೊತೆಗೆ. ಔಪಚಾರಿಕ ಲೋಕಾರ್ಪಣೆ ಆಗಿದ್ದು ಆಮೇಲೆ, ಅಕ್ಟೋಬರ್ 20ರಂದು, ಪ್ರಧಾನಿಯವರು ಉತ್ತರ ಪ್ರದೇಶದ ಸಾಹಿಬಾಬಾದ್‌ನಲ್ಲಿದ್ದ ಕಾರ್ಯಕ್ರಮದಿಂದ. ಬೈಯಪ್ಪನಹಳ್ಳಿ ನಿಲ್ದಾಣ ತೆರೆದು ಅವತ್ತಿಗೆ ಸರಿಯಾಗಿ ಹನ್ನೆರಡು ವರ್ಷ.

ಮಾರ್ಚ್‌ನ ಉದ್ಘಾಟನೆಯನ್ನೂ ಅಕ್ಟೋಬರ್‌ನ ಈ ಬೆಳಗನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅರ್ಧ ಮಾರ್ಗಕ್ಕೆ ವೇದಿಕೆ ಇತ್ತು, ಮಾರ್ಗ ಪೂರ್ತಿಯಾದ ದಿನ ಸಮಾರಂಭವೇ ಇರಲಿಲ್ಲ. ಆದರೂ ಜನ ಬೆಳಗಿನ ಜಾವ ಬಂದು ಹತ್ತಿದರು. ಪ್ರಯಾಣಿಕರಿಗೆ ಉದ್ಘಾಟನೆ ಬೇಕಿಲ್ಲ, ರೈಲು ಬೇಕು.

ಟಿಕೆಟ್ ದರ ಯಾರು ನಿರ್ಧರಿಸ್ತಾರೆ?

2025ರ ಫೆಬ್ರವರಿ 9ರಂದು ಮೆಟ್ರೋ ದರ ಏರಿತು. ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಕೆಲವು ನಿಲ್ದಾಣಗಳ ನಡುವೆ ಏರಿಕೆ ಅದಕ್ಕಿಂತ ಬಹಳ ಹೆಚ್ಚು. ಜನ ಸಿಟ್ಟಾದರು. ಐದು ದಿನದಲ್ಲಿ ಪರಿಷ್ಕರಣೆ ಬಂತು, ಎಲ್ಲೂ ಏರಿಕೆ ಶೇ. 71 ಮೀರದಂತೆ ಮಿತಿ ಹಾಕಿದ್ದೇವೆ ಅಂದರು. ಶೇ. 71ನ್ನು ರಿಯಾಯಿತಿ ಅನ್ನೋ ಹಾಗೆ ಹೇಳಿದ್ದು ಅವತ್ತೇ ಮೊದಲು ಕೇಳಿದ್ದು ನಾನು.

ಆಗ ನಡೆದ ಮಾತಿನ ಯುದ್ಧ ನೆನಪಿರಬಹುದು. ರಾಜ್ಯದವರು ಕೇಂದ್ರವೇ ಮಾಡಿದ್ದು ಅಂದರು, ಕೇಂದ್ರದ ಕಡೆಯವರು ರಾಜ್ಯವೇ ಮಾಡಿದ್ದು ಅಂದರು. ವಾಸ್ತವ ಹೀಗಿದೆ. 2002ರ ಮೆಟ್ರೋ ರೈಲ್ವೆ (ಕಾರ್ಯಾಚರಣೆ ಮತ್ತು ನಿರ್ವಹಣೆ) ಕಾಯ್ದೆಯ ಪ್ರಕಾರ ದರ ಪರಿಷ್ಕರಣೆಗೆ ಒಂದು ದರ ನಿಗದಿ ಸಮಿತಿ ಬೇಕು. ಅದನ್ನು ನೇಮಿಸೋದು ಕೇಂದ್ರ. ಅಧ್ಯಕ್ಷರು ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ. ಜೊತೆಗೆ ಕೇಂದ್ರದ ಒಬ್ಬ, ರಾಜ್ಯದ ಒಬ್ಬ ಸದಸ್ಯ. ಸಮಿತಿಯ ಶಿಫಾರಸು ಮೆಟ್ರೋ ಆಡಳಿತವನ್ನು ಕಟ್ಟಿಹಾಕುತ್ತೆ ಅಂತ ಕಾಯ್ದೆಯಲ್ಲಿದೆ. ಆ ಮೆಟ್ರೋ ಆಡಳಿತ ಅಂದರೆ ಇಬ್ಬರಿಗೂ ಅರ್ಧ-ಅರ್ಧ ಸೇರಿದ ಕಂಪನಿ. ನೆನಪಿಡಿ ಅಂದಿದ್ದೆನಲ್ಲ, ಅದಕ್ಕೇ. ಉದ್ಘಾಟನೆ ದಿನ ಪೂರ್ತಿ ಕೀರ್ತಿಗೆ ಇಬ್ಬರೂ ಕೈ ಚಾಚ್ತಾರೆ. ದರ ಏರಿದ ದಿನ ಇಬ್ಬರ ಕೈಯೂ ಜೇಬಿನಲ್ಲಿ.

ದರ ಏರಿಕೆಗೆ ಕಾರಣವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಮೊದಲ ಹಂತಕ್ಕೆ ಆರಂಭದಲ್ಲಿ ಅಂದಾಜಿಸಿದ್ದು 6,395 ಕೋಟಿ ರೂಪಾಯಿ, ಮಾರ್ಗ ಉದ್ದವಾಗಿ, ಕೆಲಸ ತಡವಾಗಿ, ಮುಗಿಯುವಾಗ ಅದು 13 ಸಾವಿರ ಕೋಟಿ ದಾಟಿತ್ತು. ಸಾಲ ತೀರಿಸಬೇಕು. 2017ರ ನಂತರ ದರ ಏರಿಸಿರಲಿಲ್ಲ. ಆದರೆ ತಡವಾದ ಕಾಮಗಾರಿಯ ಬೆಲೆಯನ್ನು ಟಿಕೆಟ್ ಕೊಳ್ಳುವವರೇ ಯಾಕೆ ಕಟ್ಟಬೇಕು? ರಸ್ತೆ, ಮೇಲ್ಸೇತುವೆ ಕಟ್ಟಿದಾಗ ಕಾರಿನವರಿಂದ ಕಿಲೋಮೀಟರಿಗೆ ಇಷ್ಟು ಅಂತ ವಸೂಲಿ ಮಾಡ್ತೀವಾ? ಬಸ್ಸಿನಲ್ಲಿ ಹೋಗೋಳಿಗೆ, ಮೆಟ್ರೋದಲ್ಲಿ ಹೋಗೋನಿಗೆ ಮಾತ್ರ 'ಲಾಭ-ನಷ್ಟ'ದ ಪಾಠ ಯಾಕೆ?

ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದಾರೆ, ಇಂದಿರಾನಗರದ ಮನೆಗಳಲ್ಲಿ ಕೆಲಸ ಮಾಡ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಕಡೆಗೆ 20 ರೂಪಾಯಿ ಅಂತಿಟ್ಟುಕೊಂಡರೆ ದಿನಕ್ಕೆ 40, ತಿಂಗಳಿಗೆ 26 ದಿನಕ್ಕೆ 1,040 ರೂಪಾಯಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ ಅವರಿಗೆ ಉಚಿತ. ಮೆಟ್ರೋಗೆ ಆ ಯೋಜನೆ ಅನ್ವಯಿಸಲ್ಲ. ಅವರು ಬಸ್ ಹತ್ತುತ್ತಾರೆ. "ಸಾವಿರ ರೂಪಾಯಿ ಅಂದ್ರೆ ಮಗಳ ಟ್ಯೂಷನ್ ಫೀಸು" ಅಂತಾರೆ. ಅವರಿಗೆ ಮೆಟ್ರೋ ಮೇಲೆ ಕೋಪ ಇಲ್ಲ. ಅವರ ಲೆಕ್ಕದಲ್ಲಿ ಅದು ಬರೋದೇ ಇಲ್ಲ, ಅಷ್ಟೇ.

ಮುಂದೇನು?

ಬೈಯಪ್ಪನಹಳ್ಳಿಯ ಕತೆ ಮುಗಿದಿಲ್ಲ. ಎರಡು ದೊಡ್ಡ ಯೋಜನೆಗಳು ಇದರ ಸುತ್ತಮುತ್ತಲೇ ಇವೆ.

ಒಂದು, ನೀಲಿ ಮಾರ್ಗ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಅಲ್ಲಿಂದ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ಒಟ್ಟು 58.19 ಕಿ.ಮೀ. ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2021ರ ಏಪ್ರಿಲ್‌ನಲ್ಲಿ. ಇದು ನೇರಳೆ ಮಾರ್ಗವನ್ನು ಕೂಡೋದು ಕೆ.ಆರ್. ಪುರದಲ್ಲಿ. ಅಂದರೆ ಹಿಂದೆ ಬೈಯಪ್ಪನಹಳ್ಳಿಗೆ ಇದ್ದ 'ಪೂರ್ವದ ಹೆಬ್ಬಾಗಿಲು' ಅನ್ನೋ ಪಟ್ಟ ಮುಂದೆ ಕೆ.ಆರ್. ಪುರಕ್ಕೆ.

ಎರಡು, ಉಪನಗರ ರೈಲು. ನಾಲ್ಕು ಮಾರ್ಗ, 148 ಕಿ.ಮೀ. ಮಾರ್ಗಗಳಿಗೆ ಹೂವಿನ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಇದರಲ್ಲಿ 'ಮಲ್ಲಿಗೆ' ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ, 25 ಕಿ.ಮೀ. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿ, 40 ವರ್ಷದಲ್ಲಿ ಆಗದ್ದನ್ನು 40 ತಿಂಗಳಲ್ಲಿ ಮಾಡ್ತೀವಿ ಅಂದರು. ವಿಶ್ವೇಶ್ವರಯ್ಯ ಟರ್ಮಿನಲ್ ಉದ್ಘಾಟನೆಯಾಗಿದ್ದೂ ಅವತ್ತೇ. 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿಯಿತು. ಮಲ್ಲಿಗೆಯಲ್ಲಿ ಆ ಹೊತ್ತಿಗೆ ಒಂದೂ ಪ್ರಯಾಣಿಕ ರೈಲು ಓಡಿರಲಿಲ್ಲ.

ನಿಮ್ಮ ಊರಿಗೆ, ನಿಮ್ಮ ಬಡಾವಣೆಗೆ ನಾಳೆ ಒಂದು ಮೆಟ್ರೋ ನಿಲ್ದಾಣ ಬರುತ್ತೆ ಅಂತಿಟ್ಟುಕೊಳ್ಳಿ. ಬೈಯಪ್ಪನಹಳ್ಳಿ ನೋಡಿ ಕಲಿತ ನಾಲ್ಕು ಪ್ರಶ್ನೆ ಕೇಳಿ. ಆ ಜಾಗ ಮೊದಲು ಯಾರದಾಗಿತ್ತು? ಪಕ್ಕದ ರೈಲ್ವೆ ಸ್ಟೇಷನ್ನಿಗೆ, ಬಸ್ ಸ್ಟಾಪಿಗೆ ನಡೆದು ಹೋಗುವ ದಾರಿ ನಕ್ಷೆಯಲ್ಲಿ ಇದೆಯಾ? ಮಾರ್ಗ ಪೂರ್ತಿ ತೆರೆಯುತ್ತಾ, ಚುನಾವಣೆಗೆ ಬೇಕಾದಷ್ಟೇ ತೆರೆಯುತ್ತಾ? ಮನೆಗೆಲಸದ ಅಕ್ಕ ತಿಂಗಳಿಗೆ ಎಷ್ಟು ಕಟ್ಟಬೇಕಾಗುತ್ತೆ? ಕಾರ್ಪೊರೇಟರ್‌ನಿಂದ ಸಂಸದರವರೆಗೆ ಮತ ಕೇಳೋಕೆ ಬರುವ ಯಾರಿಗೆ ಬೇಕಾದರೂ ಈ ಪ್ರಶ್ನೆ ಕೇಳಬಹುದು. 'ನಮ್ಮ ಕೈಲಿಲ್ಲ' ಅಂತ ಯಾರಾದರೂ ಅಂದರೆ, ಅರ್ಧ-ಅರ್ಧ ಪಾಲಿನ ವಿಷಯ ಹೇಳಿ.

ನಿನ್ನೆ ಸಂಜೆ ಪಾದಚಾರಿ ಮೇಲ್ಸೇತುವೆ ಮೇಲೆ ನಿಂತಿದ್ದೆ. ಒಂದು ಕಡೆ ಜೋಲಾರಪೇಟೆ ದಿಕ್ಕಿಗೆ ಗೂಡ್ಸ್ ರೈಲು. ಇನ್ನೊಂದು ಕಡೆ ವೈಟ್‌ಫೀಲ್ಡ್‌ನಿಂದ ತುಂಬಿ ಬಂದ ಮೆಟ್ರೋ, ಬಾಗಿಲಿಗೆ ಒತ್ತಿ ನಿಂತ ಬ್ಯಾಗುಗಳು. ಅಕ್ಕ ಕೆಲಸ ಮುಗಿಸಿ, ಬಸ್ ಇಳಿದು, ತರಕಾರಿ ಚೀಲ ಹಿಡಿದು ಅದೇ ಸೇತುವೆ ಮೇಲೆ ಬರ್ತಿದ್ದರು. ಈ ನಿಲ್ದಾಣವನ್ನು ದಿನಕ್ಕೆ ಎರಡು ಸಲ ದಾಟ್ತಾರೆ. ಒಂದೇ ಒಂದು ಸಲ ಹತ್ತಿದ್ದಾರಂತೆ, ಮಗಳ ಹುಟ್ಟುಹಬ್ಬದ ದಿನ.